ಒಂದು ಕೋಟಿ ಬುಟ್ಟಿ ಕಲ್ಲು

ವೇರೂಳಿನ, ಅಂದರೆ ಎಲ್ಲೋರಾದ, ಕೈಲಾಸ ದೇವಾಲಯವನ್ನು ಕಟ್ಟಿದ್ದಲ್ಲ, ಕಡೆದದ್ದು ಎಂದು ಶಾಲೆಯ ಹುಡುಗರೂ ಹೇಳುತ್ತಾರೆ. ಶಿಖರದಿಂದ ಶುರುಮಾಡಿ ಪಾಯದ ಕಡೆಗೆ ಇಳಿದ ಕೆಲಸ ಅದು. ಇಷ್ಟು ಹೇಳಿದ ಮೇಲೆ ಮಾತು ಶಿಲ್ಪಿಯ ಕಡೆಗೋ, ಮಾಡಿಸಿದ ರಾಷ್ಟ್ರಕೂಟರ ದೊರೆ ಒಂದನೇ ಕೃಷ್ಣನ ಕಡೆಗೋ ಹೊರಳುತ್ತದೆ. ನನ್ನ ತಲೆಯಲ್ಲಿ ಸುಳಿಯುವುದು ಬೇರೆ ಪ್ರಶ್ನೆ. ಕಡಿದು ಬಿದ್ದ ಕಲ್ಲನ್ನು ಹೊರಗೆ ಹಾಕಿದವರು ಯಾರು?

ಹೊಟ್ಟೆಪಾಡಿನ ಕೆಲಸವೇ ನನಗೆ ಈ ಕಣ್ಣು ಕೊಟ್ಟಿತು. ವಿಜಯಪುರದ ಕಡೆ ಕಾಲುವೆ ಕಾಮಗಾರಿಗಳಲ್ಲಿ ಸ್ಟೋರ್ ನೋಡಿಕೊಂಡು ನಿವೃತ್ತನಾದವನು ನಾನು. ಹಾರೆ, ಸುತ್ತಿಗೆ, ಉಳಿ, ಹಗ್ಗ, ಬುಟ್ಟಿ, ಇದ್ದಿಲು, ಸಿಮೆಂಟ್ ಚೀಲ ಇವುಗಳ ಜಮಾ-ಖರ್ಚು ಬರೆಯುತ್ತಲೇ ತಲೆ ಬೆಳ್ಳಗಾಯಿತು. ಉದ್ಘಾಟನೆಯ ದಿನ ಕಲ್ಲಿನ ಮೇಲೆ ಮಂತ್ರಿಗಳ ಹೆಸರು, ಶಾಸಕರ ಹೆಸರು, ಮುಖ್ಯ ಎಂಜಿನಿಯರರ ಹೆಸರು ಇರುತ್ತಿದ್ದವು. ಸ್ಟೋರ್ ಕೀಪರನ ಹೆಸರು ಬೇಕೆಂದು ನಾನೂ ಕೇಳಿದವನಲ್ಲ. ಆದರೆ ಎಷ್ಟು ಬುಟ್ಟಿ ಸವೆದವು ಎಂದು ಯಾರಾದರೂ ಒಮ್ಮೆ ಕೇಳಬಹುದಿತ್ತು ಅನ್ನಿಸಿದ್ದುಂಟು.

ಅದಕ್ಕೇ ವೇರೂಳಿನಲ್ಲಿ ನಾನು ಮೊದಲು ನೋಡಿದ್ದು ಅಂಗಳವನ್ನು. ಪುಸ್ತಕಗಳು ಕೊಡುವ ಅಳತೆ ಹೀಗಿದೆ: ಉದ್ದ ಸುಮಾರು 276 ಅಡಿ, ಅಗಲ 154 ಅಡಿ, ಹಿಂದಿನ ಬಂಡೆಗೋಡೆಯ ಎತ್ತರ 107 ಅಡಿ. ಮೀಟರಿಗೆ ತಂದರೆ 84ಕ್ಕೆ 47, ಹಿಂಬದಿಯಲ್ಲಿ 33ರ ಆಳ. ಗುಡ್ಡ ಮುಂದಕ್ಕೆ ಇಳಿಜಾರಾಗಿರುವುದರಿಂದ ಸರಾಸರಿ 25 ಮೀಟರ್ ಹಿಡಿಯೋಣ. ಗುಂಡಿ ಒಂದು ಲಕ್ಷ ಘನ ಮೀಟರಿನ ಹತ್ತಿರ ಬರುತ್ತದೆ. ನಡುವೆ ಉಳಿಸಿಕೊಂಡ ದೇವಾಲಯ, ಆನೆ, ಕಂಬಗಳಿಗೆಂದು ಕಾಲು ಭಾಗಕ್ಕಿಂತ ತುಸು ಹೆಚ್ಚೇ ಕಳೆದರೂ 70 ಸಾವಿರ ಘನ ಮೀಟರ್ ಕಲ್ಲು ಹೊರಗೆ ಹೋಗಿರಬೇಕು. ಕರಿಕಲ್ಲು ಘನ ಮೀಟರಿಗೆ ಎರಡು ಮುಕ್ಕಾಲು ಟನ್ನಿಗೂ ಮೇಲೆ ತೂಗುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ ಎರಡು ಲಕ್ಷ ಟನ್. ಸಾಮಾನ್ಯವಾಗಿ ಹೇಳುವ ಲೆಕ್ಕವೂ ಇದೇ, ಇನ್ನೂ ಹೆಚ್ಚು ಹೇಳುವವರಿದ್ದಾರೆ. ಹತ್ತು ಟನ್ನಿನ ಟಿಪ್ಪರ್‌ನಲ್ಲಿ ಸಾಗಿಸಿದರೆ ಇಪ್ಪತ್ತು ಸಾವಿರ ಲೋಡು. ಎಂಟನೇ ಶತಮಾನದಲ್ಲಿ ಟಿಪ್ಪರ್ ಇರಲಿಲ್ಲ. ತಲೆಯ ಮೇಲೆ ಇಪ್ಪತ್ತು ಕಿಲೋ ಬುಟ್ಟಿ ಎಂದರೆ ಒಂದು ಕೋಟಿ ಬುಟ್ಟಿ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಪುರಾತತ್ವಜ್ಞ ಎಂ.ಕೆ. ಧವಳೀಕರ ಅವರು ಈ ಕೆಲಸಕ್ಕೆ ಒಂದು ಲೆಕ್ಕ ಹಾಕಿದ್ದಾರೆ. ಒಬ್ಬ ಆಳು ದಿನಕ್ಕೆ ನಾಲ್ಕು ಘನ ಅಡಿ ಕಲ್ಲು ಕಡಿಯಬಲ್ಲ ಎಂದಿಟ್ಟುಕೊಂಡರೆ 250 ಜನ ಐದೂವರೆ ವರ್ಷದಲ್ಲಿ ಮುಗಿಸಬಹುದು ಎಂಬುದು ಅದರ ಸಾರ. ಅನ್ಯಗ್ರಹದವರು ಬಂದು ಕೊರೆದರು ಎಂದು ಯೂಟ್ಯೂಬಿನಲ್ಲಿ ಕೂಗಾಡುವವರಿಗೆ ಇಷ್ಟೇ ಉತ್ತರ ಸಾಕು. ಆದರೆ ಸ್ಟೋರಿನವನಾಗಿ ನನಗೆ ಈ ಲೆಕ್ಕದ ಮುಂದಿನ ಸಾಲು ಬೇಕು. 250 ಜನ ದಿನಕ್ಕೆ ಸಾವಿರ ಘನ ಅಡಿ ಕಡಿದರೆ ಸಂಜೆಗೆ 80 ಟನ್ನಿನಷ್ಟು ಚೂರು ಅಂಗಳದಲ್ಲಿ ಬಿದ್ದಿರುತ್ತದೆ, ಅಂದರೆ ನಾಲ್ಕು ಸಾವಿರ ಬುಟ್ಟಿ. ಅಷ್ಟನ್ನೂ ಅಂದೇ ಎತ್ತದಿದ್ದರೆ ಮರುದಿನ ಕಲ್ಲುಕುಟಿಗನಿಗೆ ಕಾಲಿಡಲು ಜಾಗವಿಲ್ಲ. ಉಳಿ ಹಿಡಿದ 250 ಜನರ ಹಿಂದೆ ಬುಟ್ಟಿ ಹಿಡಿದವರು, ನೀರು ತಂದವರು, ಹಗ್ಗ ಹೊಸೆದವರು, ರೊಟ್ಟಿ ಬಡಿದವರು ಇನ್ನೆಷ್ಟೋ ಜನ.

ಇದರಲ್ಲಿ ಒಂದು ತಮಾಷೆಯಿದೆ. ಯಾರೂ ಗಮನಿಸದಿದ್ದರೂ ಹೊರುವವರನ್ನು ಸರಕಾರದ ಲೆಕ್ಕಪತ್ರ ಗಮನಿಸುತ್ತದೆ. ಲೋಕೋಪಯೋಗಿ, ನೀರಾವರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ‘ಲೀಡು’, ‘ಲಿಫ್ಟು’ ಗೊತ್ತು. ಅಗೆದದ್ದನ್ನು ಎಷ್ಟು ದೂರ ಒಯ್ದು ಹಾಕಬೇಕು ಎಂಬುದು ಲೀಡು, ಎಷ್ಟು ಎತ್ತರಕ್ಕೆ ಏರಿಸಬೇಕು ಎಂಬುದು ಲಿಫ್ಟು. ಸಾಮಾನ್ಯವಾಗಿ ಮೊದಲ 50 ಮೀಟರ್ ಲೀಡು, ಒಂದೂವರೆ ಮೀಟರ್ ಲಿಫ್ಟು ಅಗೆತದ ದರದೊಳಗೇ ಸೇರಿರುತ್ತವೆ. ಅದನ್ನು ದಾಟಿದರೆ ಬೇರೆ ದರ. ಆಳ ಹೆಚ್ಚಿದಂತೆ ಅಗೆಯುವವನಿಗಿಂತ ಹೊರುವವನ ಬಾಬತ್ತಿನ ಖರ್ಚೇ ಬೆಳೆಯುತ್ತ ಹೋಗುತ್ತದೆ. ಎಸ್ಟಿಮೇಟ್ ಬರೆಯಲು ಕೂತ ಹೊಸ ಎಂಜಿನಿಯರರು ಮೊದಲು ಬೆಚ್ಚುವುದು ಇಲ್ಲೇ.

ಕೈಲಾಸದ ಜಾಗ ಆರಿಸಿದವನಿಗೆ ಲೀಡು, ಲಿಫ್ಟು ಚೆನ್ನಾಗಿಯೇ ಗೊತ್ತಿತ್ತು ಎಂದು ನನ್ನ ನಂಬಿಕೆ. ಗುಡ್ಡದ ಇಳಿಜಾರು ಪಶ್ಚಿಮಕ್ಕಿದೆ, ದೇವಾಲಯದ ಬಾಗಿಲೂ ಪಶ್ಚಿಮಕ್ಕಿದೆ. ಹಿಂದೆ ಬಂಡೆ ಎತ್ತರ, ಮುಂದೆ ತಗ್ಗು. ಇಂಥ ಕಡೆ ಕಲ್ಲನ್ನು ಗುಂಡಿಯಿಂದ ಮೇಲೆತ್ತುವುದಕ್ಕಿಂತ ಮುಂದಿನ ತಗ್ಗಿಗೆ ತಳ್ಳುವುದು ಸುಲಭ. ಮಟ್ಟಸ ನೆಲದಲ್ಲಿ ಇದೇ ಗುಂಡಿ ತೋಡಿದ್ದರೆ ಒಂದು ಕೋಟಿ ಬುಟ್ಟಿಯನ್ನೂ ನೂರು ಅಡಿಯವರೆಗೆ ಮೇಲೇರಿಸಬೇಕಾಗುತ್ತಿತ್ತು. ಹೊರುವವರ ಬೆನ್ನನ್ನು ಲೆಕ್ಕಕ್ಕೆ ಹಿಡಿದೇ ಆ ಮೇಸ್ತ್ರಿ ನಕ್ಷೆ ಹಾಕಿದ್ದಾನೆ.

ಕೆರೆ ಹೂಳು ತೆಗೆಯುವಾಗ, ಮಣ್ಣು ಅಗೆಯುವಾಗ ನಮ್ಮ ಕಡೆ ಒಂದು ಪದ್ಧತಿ ಇತ್ತು. ಗುಂಡಿಯ ನಡುವೆ ಅಲ್ಲಲ್ಲಿ ಒಂದೊಂದು ಮಣ್ಣಿನ ದಿಂಡನ್ನು ಮುಟ್ಟದೆ ಬಿಡುತ್ತಿದ್ದರು. ಸಂಜೆ ಅದರ ಎತ್ತರ ಅಳೆದು ಎಷ್ಟು ಮಣ್ಣು ಹೋಗಿದೆ ಎಂದು ಕೂಲಿ ಬಟವಾಡೆ. ಆ ದಿಂಡು ಅಗೆದವರ ಸಾಕ್ಷಿ. ಕೈಲಾಸದ ವಿಮಾನವೂ, ಎರಡು ಬದಿಯ ಧ್ವಜಸ್ತಂಭಗಳೂ ನನಗೆ ಅಂಥ ದಿಂಡುಗಳಾಗಿಯೇ ಕಂಡವು. ನೆತ್ತಿಯ ಮಟ್ಟಕ್ಕೆ ಒಂದು ಕಾಲಕ್ಕೆ ಬಂಡೆಯಿತ್ತು. ಈಗಿರುವುದು ಗಾಳಿ, ಬೆಳಕು. ಆ ಖಾಲಿ ಜಾಗವೇ ಹೊತ್ತವರ ಕೆಲಸ. ಶಿಲ್ಪಿ ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಹಮಾಲರು ಮಾಡಿದ್ದರಲ್ಲಿ ನಾವು ನಿಂತುಕೊಂಡು ಫೋಟೋ ತೆಗೆಯುತ್ತೇವೆ.

ಇನ್ನು ಉಳಿಯ ಮಾತು. ದಖ್ಖನ್ನಿನ ಕರಿಕಲ್ಲು ಆರೂವರೆ ಕೋಟಿ ವರ್ಷಗಳ ಹಿಂದಿನ ಲಾವಾ ಗಟ್ಟಿಯಾದದ್ದು. ವೇರೂಳಿನ ಬಂಡೆಯೂ ಅದೇ, ವಿಜಯಪುರದ ಉತ್ತರ ಭಾಗದ ನೆಲವೂ ಅದೇ. ನಮ್ಮ ಒಂದು ಮೇಲ್ಗಾಲುವೆಗೆ ಸೈಜುಗಲ್ಲು ಹೊಡೆಯುವ ಕೆಲಸ ನಡೆದಿದ್ದಾಗ ಆ ಕಲ್ಲು ಉಕ್ಕಿನ ಬಾಯಿ ತಿನ್ನುವುದನ್ನು ದಿನವೂ ನೋಡಿದ್ದೇನೆ. ಬೆಳಿಗ್ಗೆ ಚೂಪಾಗಿ ಹೋದ ಉಳಿ ಹೊತ್ತು ಏರುವುದರೊಳಗೆ ಮೊಂಡು. ಮೊಂಡು ಉಳಿಗೆ ಕಲ್ಲು ಒಡೆಯುವುದಿಲ್ಲ, ಕೈ ಜುಮ್ಮೆನ್ನುತ್ತದೆ ಅಷ್ಟೆ. ಅದಕ್ಕೇ ಕಲ್ಲುಕುಟಿಗರು ಒಬ್ಬೊಬ್ಬರೂ ಹಲವು ಉಳಿ ಇಟ್ಟುಕೊಂಡು, ಮೊಂಡಾದದ್ದನ್ನು ಕುಲುಮೆಗೆ ಕಳಿಸಿ ಚೂಪಾದದ್ದನ್ನು ತರಿಸಿಕೊಳ್ಳುತ್ತಿದ್ದರು.

ಕುಲುಮೆಯಲ್ಲಿ ಒಬ್ಬ ಕಂಬಾರ, ತಿದಿ ಒತ್ತಲು ಅವನ ಹೆಂಡತಿ. ಉಳಿಯನ್ನು ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲೆ ಮೊನೆ ಬಡಿದು, ತುದಿಯನ್ನು ನೀರಿಗೆ ಅದ್ದಿ ತೆಗೆಯುತ್ತಿದ್ದ. ಆಮೇಲಿನದು ಗುಟ್ಟು. ಹಿಂಬದಿಯಲ್ಲಿ ಉಳಿದ ಕಾವು ನಿಧಾನಕ್ಕೆ ಮೊನೆಯ ಕಡೆ ಬರುತ್ತದೆ. ಬರುವಾಗ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೀಲಿ ಓಡುತ್ತದೆ. ಸರಿಯಾದ ಬಣ್ಣ ಮೊನೆಗೆ ಮುಟ್ಟಿದ ಕ್ಷಣ ಪೂರ್ತಿ ಅದ್ದಬೇಕು. ಅವಸರ ಮಾಡಿದರೆ ಮೊನೆ ಪುಟಕ್ಕನೆ ಮುರಿಯುತ್ತದೆ, ತಡವಾದರೆ ಮೆತ್ತಗಾಗಿ ಬಾಗುತ್ತದೆ. ಆ ಬಣ್ಣ ಬಿಸಿಲಿನಲ್ಲಿ ಕಾಣುವುದಿಲ್ಲ ಎಂದೇ ಕುಲುಮೆಯನ್ನು ನೆರಳಲ್ಲಿ ಹಾಕುವುದು. ನಾವು ಅದನ್ನು ಕತ್ತಲ ಕೋಣೆ ಎಂದು ಗೇಲಿ ಮಾಡುತ್ತಿದ್ದೆವು. ಆ ಗಂಡ-ಹೆಂಡತಿಯ ಕೆಲಸ ಯಾವ ಅಳತೆ ಪುಸ್ತಕದಲ್ಲೂ ಬರುತ್ತಿರಲಿಲ್ಲ. ಅಳತೆ ಪುಸ್ತಕದಲ್ಲಿ ಬರುವುದು ಹೊಡೆದ ಕಲ್ಲು.

ಒಂದು ಬೇಸಿಗೆಯಲ್ಲಿ ಮೇಲಿನ ಕಚೇರಿಯೊಂದರಲ್ಲಿ ಬಿಲ್ಲು ಕೂತು ಇದ್ದಿಲಿನ ಸರಬರಾಜು ನಿಂತಿತು. ಕಂಬಾರ ಬಂದು ಬಾಗಿಲಲ್ಲಿ ನಿಂತ. “ಸಾಹೇಬ್ರ, ಇವತ್ತ ಇದ್ದಲಿ ಬರ್ಲಿಲ್ಲಂದ್ರ ನಾಳಿ ನಲವತ್ತ ಮಂದಿ ಕುಂತಿರ್ತಾರ್ರೀ.” ನಾನು ಬರೆದು ಕಳಿಸಿದೆ, ಇದ್ದಿಲು ಬರಲಿಲ್ಲ. ಮರುದಿನ ನಲವತ್ತು ಜನ ನಿಜಕ್ಕೂ ಕೂತರು. ಮಸ್ಟರ್‌ನಲ್ಲಿ ಎಲ್ಲರೂ ಹಾಜರು, ಅಳತೆಯಲ್ಲಿ ಸೊನ್ನೆ. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಕಲ್ಲುಕುಟಿಗರನ್ನು ಸೋಮಾರಿಗಳೆಂದು ಬೈದು, ಇನ್ನೂ ಹತ್ತು ಜನರನ್ನು ಹಾಕಿಕೊಳ್ಳಿ ಎಂದು ಹೇಳಿ ಜೀಪು ಹತ್ತಿದರು. ಕುಲುಮೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಕೆಲಸ ನಿಂತಾಗ ನಿಂತವನೇ ಕಣ್ಣಿಗೆ ಬೀಳುತ್ತಾನೆ. ಯಾವ ಕೊಂಡಿ ತಪ್ಪಿ ಅವನು ನಿಂತ ಎಂದು ನೋಡುವುದಕ್ಕೆ ಬೇರೆ ಕಣ್ಣು ಬೇಕು.

ಕೈಲಾಸದ ಅಕ್ಕಪಕ್ಕದ ಬಂಡೆಗೋಡೆಗಳ ಮೇಲೆ ಉಳಿಯ ಗೀರುಗಳು ಇವತ್ತಿಗೂ ಇವೆ. ಒಂದೊಂದು ಗೀರೂ ಒಂದು ಚೂಪು ಮೊನೆಯ ಗುರುತು. ಎಷ್ಟು ಸಾವಿರ ಸಲ ಉಳಿ ಕುಲುಮೆಗೆ ಹೋಗಿ ಬಂದಿರಬೇಕು! ಎಷ್ಟು ಕಾಡಿನ ಕಟ್ಟಿಗೆ ಇದ್ದಿಲಾಗಿರಬೇಕು!

ಹೆಸರಿನ ವಿಷಯಕ್ಕೆ ಬಂದರೆ, ಇಲ್ಲಿ ಮುಖ್ಯ ಶಿಲ್ಪಿಗೇ ಹೆಸರಿಲ್ಲ. ಕ್ರಿ.ಶ. 812-13ರ ಕರ್ಕರಾಜನ ಬರೋಡಾ ತಾಮ್ರಪಟ ಏಲಾಪುರದ ಈ ದೇವಾಲಯವನ್ನು ಹೊಗಳುತ್ತದೆ. ವಿಮಾನದಲ್ಲಿ ಹೋಗುವ ದೇವತೆಗಳೂ ಬೆರಗಾದರು, ಮಾಡಿದ ಶಿಲ್ಪಿಯೇ ಇದನ್ನು ನಾನು ಹೇಗೆ ಮಾಡಿದೆ ಎಂದು ಅಚ್ಚರಿಪಟ್ಟ ಎಂಬ ಅರ್ಥದ ಮಾತು ಅದರಲ್ಲಿದೆ. ಅಚ್ಚರಿಯನ್ನು ಬರೆದ ಕವಿ ಆ ಶಿಲ್ಪಿಯ ಹೆಸರು ಬರೆಯಲಿಲ್ಲ. ಏಳು ನೂರು ವರ್ಷಗಳ ಮೇಲೆ ಮರಾಠಿಯ ಕೃಷ್ಣ ಯಾಜ್ಞವಲ್ಕಿ ‘ಕಥಾಕಲ್ಪತರು’ವಿನಲ್ಲಿ ಪೈಠಣದ ಕೋಕಸನ ಕಥೆ ಹೇಳಿದ. ಗಂಡನ ಕಾಯಿಲೆ ವಾಸಿಯಾದರೆ ಶಿವಾಲಯ ಕಟ್ಟಿಸುತ್ತೇನೆ, ಶಿಖರ ನೋಡುವವರೆಗೆ ಊಟ ಮಾಡುವುದಿಲ್ಲ ಎಂದು ರಾಣಿ ಹರಕೆ ಹೊತ್ತಳು. ಪಾಯದಿಂದ ಕಟ್ಟಿದರೆ ರಾಣಿ ಉಳಿಯುವುದಿಲ್ಲ. ಕೋಕಸ ಮೇಲಿನಿಂದ ಕಡೆದು ವಾರದೊಳಗೆ ಶಿಖರ ತೋರಿಸಿದ. ಕಥೆ ಚೆಂದ. ಆ ವಾರವಿಡೀ ಹಗಲೂ ರಾತ್ರಿ ಕಲ್ಲು ಹೊತ್ತವರು ಏನು ಉಂಡರು ಎಂದು ಕಥೆ ಹೇಳುವುದಿಲ್ಲ.

ಇದಕ್ಕೆ ಹೋಲಿಸಿದರೆ ನಮ್ಮ ಪಟ್ಟದಕಲ್ಲು ಉದಾರಿ. ಕೈಲಾಸಕ್ಕೆ ಮಾದರಿಯೆಂದು ವಿದ್ವಾಂಸರು ಹೇಳುವ ವಿರೂಪಾಕ್ಷ ದೇವಾಲಯವನ್ನು ಲೋಕಮಹಾದೇವಿ ಕಟ್ಟಿಸಿದಳು. ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರು, ಅವನಿಗಿದ್ದ ಅನಿವಾರಿತಾಚಾರಿ ಎಂಬ ಬಿರುದು ಶಾಸನದಲ್ಲಿವೆ. ಶಿಲ್ಪಗಳ ಬಳಿ ಬಲದೇವ, ಚೆಂಗಮ್ಮ, ಪುಲ್ಲಪ್ಪ ಮುಂತಾಗಿ ಕಡೆದವರ ಹೆಸರುಗಳಿವೆ. ಹೊಯ್ಸಳರ ಕಾಲಕ್ಕೆ ಬಂದರೆ ದಾಸೋಜ, ಮಲ್ಲಿತಮ್ಮ ಎಂದು ರುಜು ಹಾಕಿದ ಶಿಲ್ಪಿಗಳು ಅನೇಕ. ಆದರೂ ಈ ಉದಾರತೆ ಉಳಿ ಹಿಡಿದವರ ತನಕ ಬಂದು ನಿಲ್ಲುತ್ತದೆ, ಬುಟ್ಟಿಗೆ ಇಳಿಯುವುದಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ಮೂರ್ತಿ ಇದೆಯಲ್ಲ ಎನ್ನಬಹುದು. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯದಿದ್ದಾಗ, ಗುಳ್ಳಕಾಯಿಯಷ್ಟು ಹಾಲಿನಲ್ಲಿ ಇಡೀ ಗೊಮ್ಮಟನನ್ನು ತೋಯಿಸಿದ ಮುದುಕಿ. ನಿಜ, ಆದರೆ ಕಥೆಯ ಕೊನೆಯಲ್ಲಿ ಅವಳು ಕೂಷ್ಮಾಂಡಿನಿ ದೇವಿ ಎಂದಾಗುತ್ತದೆ. ಬರೀ ಮುದುಕಿಯಾಗಿಯೇ ಉಳಿದಿದ್ದರೆ ಮೂರ್ತಿ ಸಿಗುತ್ತಿತ್ತೋ ಇಲ್ಲವೋ ಎಂಬ ಅನುಮಾನ ನನಗಿದೆ.

ನಮ್ಮ ಕಡೆಯಿಂದ ವೇರೂಳಿಗೆ ಸೊಲ್ಲಾಪುರದ, ಅಂದರೆ ಹಿಂದಿನ ಸೊನ್ನಲಿಗೆಯ, ಮೇಲೆ ಹಾದು ಹೋಗುವಾಗ ಇನ್ನೊಂದು ಪ್ರಸಂಗ ನೆನಪಾಗದೆ ಇರದು. ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸುತ್ತಿದ್ದಾಗ ಅಲ್ಲಮಪ್ರಭು ಬಂದು, ಒಡ್ಡರ ರಾಮ ಎಲ್ಲಿ ಎಂದು ಹಗುರವಾಗಿ ವಿಚಾರಿಸಿದನಂತೆ. ಕೆರೆಯ ಕೆಲಸದಲ್ಲಿದ್ದವರು ರೇಗಿ ಅವನಿಗೆ ಕಲ್ಲು ಬೀರಿದರು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮನ ಎತ್ತರ ದೊಡ್ಡದು, ಒಪ್ಪಿದೆ. ಆದರೆ ಮಣ್ಣು ಹೊರುವವರು ಗುಂಪಾಗಿ ಮಾತನಾಡುವ ಪ್ರಸಂಗ ನಮ್ಮ ಸಾಹಿತ್ಯದಲ್ಲಿ ವಿರಳ. ಅದಕ್ಕಾಗಿ ಆ ಪ್ರಸಂಗ ನನಗೆ ಇಷ್ಟ.

ಕಾಣದ ಕೈಗಳು ಎಂದರೆ ಬರೀ ಬುಟ್ಟಿ ಹೊರುವವರೇ ಎಂದಲ್ಲ. ವೇರೂಳಿನಲ್ಲೇ ಕುಂಚ ಹಿಡಿದವನೊಬ್ಬ ಹೀಗೆ ಮರೆಗೆ ಸರಿದದ್ದುಂಟು. 1803ರಲ್ಲಿ ಲಂಡನ್ನಿನಲ್ಲಿ ಎಲ್ಲೋರಾ ಗುಹೆಗಳ ಚಿತ್ರಗಳ ದೊಡ್ಡ ಪುಸ್ತಕವೊಂದು ಬಂತು. ಚಿತ್ರ ಬರೆದವನು ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್, ಅಚ್ಚಿಗೆ ತಂದವನು ಥಾಮಸ್ ಡೇನಿಯಲ್. ವೇಲ್ಸ್ 1795ರಲ್ಲೇ ತೀರಿಕೊಂಡಿದ್ದ. ಅವನ ಸಂಗಡ ದುಡಿದವನು ಪುಣೆಯ ಗಂಗಾರಾಮ ಚಿಂತಾಮಣ ತಾಂಬಟ, ತಾಮ್ರದ ಕೆಲಸದ ಮನೆತನದವನು. ಪೇಶ್ವೆ ದರಬಾರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಅವನನ್ನು ಗುಹೆಗಳ ಚಿತ್ರ ಬರೆಯಲು ವೇರೂಳಿಗೆ ಕಳಿಸಿದ್ದ. ಕತ್ತಲ ಗುಹೆಗಳಲ್ಲಿ ಅಳತೆ ಹಿಡಿದು ಗಂಗಾರಾಮ ಗೆರೆ ಎಳೆದ. ಪುಸ್ತಕ ಹೊರಟಿದ್ದು ವೇಲ್ಸ್, ಡೇನಿಯಲ್ ಹೆಸರಿನಲ್ಲಿ. ಗಂಗಾರಾಮ ಬರೆದ ಚಿತ್ರಗಳು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ, ಕಲಾ ಇತಿಹಾಸಕಾರರು ಅವನನ್ನು ಹೆಸರಿಟ್ಟು ಚರ್ಚಿಸುತ್ತಾರೆ. ಅವನ ಕಾಗದಗಳನ್ನು ಯಾರೋ ಕಟ್ಟಿ ಜೋಪಾನವಾಗಿಟ್ಟಿದ್ದರಿಂದ ಇದಾಯಿತು. ಆ ಜೋಪಾನ ಮಾಡಿದವರೂ ನನ್ನ ಜಾತಿಯವರೇ, ಸ್ಟೋರಿನವರು.

ಮನುಷ್ಯರು ಹಾಗಿರಲಿ, ಒಂದು ಗಿಡದ ಮಾತು ಹೇಳುತ್ತೇನೆ. 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪುರಾತತ್ವ ಇಲಾಖೆಯಲ್ಲಿದ್ದ ರಾಸಾಯನಿಕ ವಿಜ್ಞಾನಿ ಎಂ.ಆರ್. ಸಿಂಗ್ ಮತ್ತು ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಂ.ಎಂ. ಸರದೇಸಾಯಿ ಒಂದು ಪ್ರಬಂಧ ಪ್ರಕಟಿಸಿದರು. ಎಲ್ಲೋರಾದ ಗುಹೆಯ ಮಣ್ಣಿನ ಗಾರೆಯಲ್ಲಿ ಭಂಗಿ ಗಿಡದ ನಾರು, ಚೂರು ಬೆರೆಸಿರುವುದನ್ನು ಅವರು ಪತ್ತೆ ಹಚ್ಚಿದ್ದರು. ಅಜಂತಾದ ಗಾರೆಯಲ್ಲಿ ಅದಿಲ್ಲ, ಅಲ್ಲಿನ ಚಿತ್ರಗಳನ್ನು ಹುಳುಗಳು ಸಾಕಷ್ಟು ಹಾಳು ಮಾಡಿವೆ. ಎಲ್ಲೋರಾದಲ್ಲಿ ಹುಳುವಿನ ಕಾಟ ಕಡಿಮೆಯಾಗಿರುವುದಕ್ಕೆ ಈ ಗಿಡವೇ ಕಾರಣವೆಂದು ಅವರ ಅಭಿಪ್ರಾಯ. ನಾರು ಗಾರೆಯನ್ನು ಹಿಡಿದಿಡುತ್ತದೆ, ತೇವವನ್ನೂ ತಡೆದುಕೊಳ್ಳುತ್ತದೆ. ಅದು ಚಿತ್ರದ ಹಿಂದೆ ಇರುವುದರಿಂದ ಸಾವಿರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬಿದ್ದಿದ್ದರೆ ಗಾರೆ ಉದುರಿದೆ ಎಂದೇ ಅರ್ಥ. ಕಚೇರಿಯಲ್ಲೂ ಹೀಗೆಯೇ. ಸಂಬಳ ಒಂದನೇ ತಾರೀಖಿಗೆ ಜಮೆಯಾಗುವವರೆಗೆ ಬಿಲ್ಲು ಮಾಡುವ ಗುಮಾಸ್ತೆ ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಏಳನೇ ತಾರೀಖು ದಾಟಲಿ, ಆಕೆಯ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ.

‘ಆಕೆ’ ಎಂದು ಬೇಕೆಂದೇ ಬರೆದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀನ್ ಕಪ್ಲಾನ್ ಡೇನಿಯಲ್ಸ್ 1987ರಲ್ಲಿ ಕಾಣದ ಕೆಲಸದ ಬಗ್ಗೆ ಬರೆದಾಗ ಮುಖ್ಯವಾಗಿ ಹೆಂಗಸರ ದುಡಿಮೆಯನ್ನೇ ಎತ್ತಿಕೊಂಡರು. 2017ರಲ್ಲಿ ಲಿಂಡಾ ಬ್ಯಾಬ್ಕಾಕ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿದರು. ಬಡ್ತಿಗೆ ಉಪಯೋಗವಾಗದ, ಆದರೆ ಯಾರಾದರೂ ಮಾಡಲೇಬೇಕಾದ ಕೆಲಸಗಳಿಗೆ ಹೆಂಗಸರೇ ಹೆಚ್ಚಾಗಿ ಮುಂದೆ ಬರುತ್ತಾರೆ, ಕೇಳುವವರೂ ಅವರನ್ನೇ ಹೆಚ್ಚಾಗಿ ಕೇಳುತ್ತಾರೆ. ಸಭೆಯ ಟಿಪ್ಪಣಿ ಬರೆಯುವುದು, ಹೊಸಬರಿಗೆ ಕೆಲಸ ಹೇಳಿಕೊಡುವುದು, ಬೀಳ್ಕೊಡುಗೆಗೆ ಹಣ ಕೂಡಿಸುವುದು. ನಮ್ಮ ಕಾಮಗಾರಿಗಳಲ್ಲಿ ಬುಟ್ಟಿ ಹೊರುತ್ತಿದ್ದವರು ಮುಕ್ಕಾಲು ಪಾಲು ಹೆಂಗಸರು. ಗಂಡು-ಹೆಣ್ಣಿಗೆ ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅದಾಗಿ ಎಷ್ಟೋ ವರ್ಷ ಗುತ್ತಿಗೆದಾರನ ಮಸ್ಟರ್‌ನಲ್ಲಿ ಗಂಡಾಳು, ಹೆಣ್ಣಾಳು ಎಂದು ಎರಡು ದರ ನಡೆದೇ ಇತ್ತು. ಕೇಳಿದರೆ, ಹೆಣ್ಣಾಳು ಹೊರುವುದಷ್ಟೇ ತಾನೆ ಎನ್ನುತ್ತಿದ್ದ ಒಬ್ಬ. ಒಂದು ದಿನ ಬುಟ್ಟಿ ಹೊತ್ತು ನೋಡು ಎಂದು ಒಬ್ಬಾಕೆ ಅವನ ಮುಂದೆಯೇ ಬುಟ್ಟಿ ಇಟ್ಟಳು. ಅವನು ಹೊರಲಿಲ್ಲ, ದರವನ್ನೂ ಏರಿಸಲಿಲ್ಲ.

ಇಂದಿಗೂ ವೇರೂಳು ನಿಂತಿರುವುದು ಇಂಥ ಕಾಣದ ಕೆಲಸಗಳ ಮೇಲೆಯೇ. ಬಂಡೆಯ ಬಿರುಕುಗಳಲ್ಲಿ ಮಳೆನೀರು ಇಳಿಯುತ್ತದೆ, ಬೇರು ಇಳಿಯುತ್ತದೆ, ಬಾವಲಿಗಳು ಸೇರುತ್ತವೆ. ಮಳೆಗಾಲಕ್ಕೆ ಮುಂಚೆ ಮೇಲಿನ ಕಾಲುವೆಗಳ ಕಸ ತೆಗೆಯಬೇಕು, ಗಿಡ ಕೀಳಬೇಕು, ನೆಲ ಗುಡಿಸಬೇಕು. 34 ಗುಹೆಗಳು ಯುನೆಸ್ಕೋ ಪಟ್ಟಿ ಸೇರಿದ್ದು 1983ರಲ್ಲಿ. ಪಟ್ಟಿಗೆ ಸೇರಿಸುವುದು ಒಂದು ಸಲದ ಕೆಲಸ, ಕಸ ಗುಡಿಸುವುದು ದಿನದ ಕೆಲಸ.

ನೋಡಲು ಹೋಗುವವರಿಗೆ ಒಂದು ಸಲಹೆ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್, ದೌಲತಾಬಾದ್, ಖುಲ್ತಾಬಾದ್ ದಾಟಿದ ಮೇಲೆ. ಕೈಲಾಸವೆಂದರೆ ಹದಿನಾರನೇ ಗುಹೆ, ಅದರ ಒಳಗೆ ಹೋಗುವ ಮುನ್ನ ಪಕ್ಕದ ಕಾಲುದಾರಿಯಲ್ಲಿ ಗುಡ್ಡ ಹತ್ತಿ ಮೇಲಿನಿಂದ ನೋಡಿ. ಕಡಿದವರ ಕೆಲಸ ಕೆಳಗೆ ನಿಂತು ನೋಡಿದರೆ ಚೆನ್ನ, ಹೊತ್ತವರದು ಮೇಲಿನಿಂದ ನೋಡಿದರೇ ತಿಳಿಯುವುದು. ಆಮೇಲೆ ಇಳಿದು, ಗುಡಿಯನ್ನು ಹೊತ್ತು ನಿಂತ ಆನೆಗಳ ಸಾಲನ್ನು ಸುತ್ತಿ ಬನ್ನಿ. ಸೊಂಡಿಲು ಮುರಿದವೇ ಹೆಚ್ಚು. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಇಲ್ಲ, ಗದ್ದಲವೂ ಇಲ್ಲ. ಮಂಗಳವಾರ ಮಾತ್ರ ಹೋಗಬೇಡಿ, ರಜೆ.